ಕೆರೆದು ನೋಡಿ, ಆಮೇಲೆ ಗುಳಿಗೆ ಬರೆಯಿರಿ

ಹಿಂದೆ ಎರಡು ಮೂರು ವಾರ ಮುಲಾಮು ಹಚ್ಚಿದರೆ ಹೋಗುತ್ತಿದ್ದ ಗಜಕರ್ಣ ಈಗ ಮನೆಮಂದಿಗೆಲ್ಲ ಹಬ್ಬಿ ತಿಂಗಳುಗಟ್ಟಲೆ ಕಾಡುತ್ತಿದೆ. ತಪ್ಪು ಯಾರದೆಂಬ ಜಗಳವೂ ಮುಗಿಯುತ್ತಿಲ್ಲ. ಚರ್ಮರೋಗ ತಜ್ಞರು ಮೆಡಿಕಲ್ ಅಂಗಡಿಗಳನ್ನು ದೂರುತ್ತಾರೆ. ಅಂಗಡಿಯವರು ಕಂಪನಿಗಳತ್ತ, ಕಂಪನಿಗಳು ಚೀಟಿ ಬರೆಯುವ ವೈದ್ಯರತ್ತ ಬೊಟ್ಟು ಮಾಡುತ್ತಾರೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೋಗಿಗೆ ಇದರಿಂದ ಏನೂ ದಕ್ಕಿಲ್ಲ. ಮೈಮೇಲೆ ಬೆಳೆದಿರುವುದು ಶಿಲೀಂಧ್ರವೇ, ಆಗಿದ್ದರೆ ಯಾವುದು ಎಂದು ನೋಡುವ ಮೊದಲೇ ಗುಳಿಗೆ ಶುರುವಾಗಿರುತ್ತದೆ. ಆಗಬೇಕಾದ ವಾದ ಇದರ ಬಗ್ಗೆ.

ನೋಡುವುದು ಕಷ್ಟದ ಕೆಲಸವೇನಲ್ಲ. ಮಚ್ಚೆಯ ಅಂಚನ್ನು ಸ್ಪಿರಿಟ್‌ನಿಂದ ಒರೆಸಿ, ಮೊಂಡು ಅಲಗಿನಿಂದ ಹೊಟ್ಟನ್ನು ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು ಶೇ 10ರಿಂದ 20ರಷ್ಟು ಸಾಂದ್ರತೆಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದೆರಡು ಹನಿ ಹಾಕಬೇಕು. ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ. ಶಿಲೀಂಧ್ರದ ಎಳೆ ಕರಗುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆಣ್ಣುಗೆಣ್ಣಾಗಿ ಕವಲೊಡೆದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣಿಸುತ್ತವೆ. ಕೂದಲಾದರೆ ಬೀಜಕಗಳು ಒಳಗಿವೆಯೋ ಹೊರಗಿವೆಯೋ ಎಂದೂ ತಿಳಿಯುತ್ತದೆ. ಉಗುರಿನ ಚೂರು ಮಾತ್ರ ಕರಗಲು ಒಂದು ರಾತ್ರಿ ಬೇಡಬಹುದು. ಕ್ಷಯದ ಕಫ ಪರೀಕ್ಷೆಗೆಂದು ತಾಲ್ಲೂಕು ಮಟ್ಟದವರೆಗೂ ಸೂಕ್ಷ್ಮದರ್ಶಕ, ತಂತ್ರಜ್ಞ ಎರಡನ್ನೂ ಸರ್ಕಾರ ತಲುಪಿಸಿದೆ. ಇನ್ನು ಬೇಕಾದದ್ದು ಒಂದು ಬಾಟಲಿ ದ್ರಾವಣ, ಮತ್ತು ಇದನ್ನು ಮಾಡಲೇಬೇಕೆಂಬ ಆದೇಶ.

‘ಗಜಕರ್ಣ ಕಣ್ಣಿಗೇ ಕಾಣುತ್ತದೆ, ಪರೀಕ್ಷೆ ಏಕೆ?’ ಎನ್ನುವ ವೈದ್ಯರಿದ್ದಾರೆ. ಯಾರೂ ಏನೂ ಹಚ್ಚದ ಹೊಸ ಮಚ್ಚೆಯ ವಿಷಯದಲ್ಲಿ ಅವರ ಮಾತು ಸರಿ. ಆದರೆ ಅಂಥ ಮಚ್ಚೆ ಹೊತ್ತು ಆಸ್ಪತ್ರೆಗೆ ಬರುವವರು ಈಗ ಎಷ್ಟು ಮಂದಿ? ಕ್ಲೊಬೆಟಸಾಲ್‌ನಂಥ ಬಲವಾದ ಸ್ಟಿರಾಯ್ಡ್, ಒಂದು ಆ್ಯಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ ಸೇರಿಸಿದ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಅಡಗುತ್ತದೆ, ಶಿಲೀಂಧ್ರ ಒಳಗೇ ಬೆಳೆಯುತ್ತದೆ. ದುಂಡಗಿನ ಅಂಚು ಅಳಿಸಿ ರೋಗ ಗುರುತೇ ಸಿಗದಂತಾಗುತ್ತದೆ. ಬ್ರಿಟನ್ನಿನ ವೈದ್ಯರಾದ ಐವ್ ಮತ್ತು ಮಾರ್ಕ್ಸ್ ಇದನ್ನು 1968ರಲ್ಲೇ ‘ಟೀನಿಯಾ ಇನ್‌ಕಾಗ್ನಿಟೊ’ ಎಂದು ದಾಖಲಿಸಿದ್ದರು. ಹೀಗೆ ಸ್ಟಿರಾಯ್ಡ್ ತಿಂದು ಕೊಬ್ಬಿದ ಎಳೆಗಳು ಗಾಜಿನ ಪಟ್ಟಿಯ ಮೇಲೆ ಹೇರಳವಾಗಿ ಕಾಣುವುದುಂಟು. ಕಣ್ಣು ಸೋಲುವ ಕಡೆಯೇ ಪರೀಕ್ಷೆ ಗೆಲ್ಲುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಯಾರೂ ಹೆಚ್ಚು ಎತ್ತುವುದಿಲ್ಲ. ದುಂಡಗಿನ ಮಚ್ಚೆಯೆಲ್ಲ ಗಜಕರ್ಣವಲ್ಲ. ಕುಷ್ಠರೋಗದ ಕೆಲವು ಮಚ್ಚೆಗಳಿಗೂ ಇಂಥದೇ ಉಬ್ಬಿದ ಅಂಚಿರುತ್ತದೆ. ಅಲ್ಲಿ ತುರಿಕೆ ಇರದು, ಸ್ಪರ್ಶ ಮಂದವಾಗಿರುತ್ತದೆ. ಆ ರೋಗಿಗೆ ತಿಂಗಳುಗಟ್ಟಲೆ ಶಿಲೀಂಧ್ರದ ಗುಳಿಗೆ ನುಂಗಿಸಿದರೆ ಅಷ್ಟು ದಿನವೂ ನರ ಹಾಳಾಗುತ್ತ ಹೋಗುತ್ತದೆ. ಹಾಗೆಯೇ ರೂಪಗೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣ. ಕಾಲುಗುರಿಗೆ ಶಿಲೀಂಧ್ರನಾಶಕ ಟರ್ಬಿನಾಫಿನ್ ಗುಳಿಗೆ ಕೊಡುವುದು 12 ವಾರ. ಕೂಲಿಯ ದುಡ್ಡಿನಲ್ಲಿ ಅಷ್ಟು ಗುಳಿಗೆ ಕೊಳ್ಳುವವರಿಗೆ ಅದು ಬೇಕೇ ಬೇಡವೇ ಎಂದು ಮೊದಲೇ ಹೇಳುವುದು ವೈದ್ಯರ ಹೊಣೆ.

ಎಳೆ ಕಂಡರೂ ಯಾವ ಶಿಲೀಂಧ್ರವೆಂದು ಈ ಪರೀಕ್ಷೆ ಹೇಳದು. ಅದಕ್ಕೆ ಪ್ರಯೋಗಾಲಯದಲ್ಲಿ ಸಬುರೋ ಅಗಾರ್ ಎಂಬ ಪೋಷಕ ಮಾಧ್ಯಮದ ಮೇಲೆ ಬೆಳೆಸಬೇಕು, ನಾಲ್ಕು ವಾರದವರೆಗೂ ಕಾಯಬೇಕು. ಹಾವೇರಿ ಜಿಲ್ಲೆಗೆ ಇದು ತುಂಬ ಮುಖ್ಯ. ದೀಪಾವಳಿ ಹೊತ್ತಿಗೆ ಹೋರಿ ಬೆದರಿಸುವ ಸ್ಪರ್ಧೆಗೆಂದು ಹೋರಿಗಳನ್ನು ಮೈ ತಿಕ್ಕಿ ಸಾಕುವ ಊರುಗಳಿವು. ಟ್ರೈಕೊಫೈಟಾನ್ ವೆರುಕೋಸಮ್ ದನಗಳಿಂದ ಮನುಷ್ಯರಿಗೆ ಬರುತ್ತದೆ. ಮೈಕ್ರೊಸ್ಪೋರಮ್ ಕೇನಿಸ್ ಬೆಕ್ಕು ನಾಯಿಗಳಿಂದ ಬಂದು ಮಕ್ಕಳ ತಲೆಗೂದಲಿಗೆ ಹತ್ತುತ್ತದೆ. ಹೆಸರು ಗೊತ್ತಾದರೆ ಮದ್ದು ಮನೆಗೋ ಕೊಟ್ಟಿಗೆಗೋ ಎಂದು ತೀರ್ಮಾನಿಸಬಹುದು. ಕೊಟ್ಟಿಗೆಯ ಸೋಂಕು ಹಾಗೆಯೇ ಉಳಿದರೆ ಮನೆಯವರಿಗೆ ಎಷ್ಟು ಗುಳಿಗೆ ಕೊಟ್ಟರೂ ರೋಗ ಮರುಕಳಿಸುತ್ತದೆ.

ದೊಡ್ಡ ಆತಂಕ ಇನ್ನೊಂದಿದೆ. 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಪ್ರಭೇದವನ್ನು ಹೆಸರಿಸಿದರು. ಭಾರತದಲ್ಲಿ ಈಗ ವ್ಯಾಪಿಸಿರುವ ಜಗ್ಗದ ಗಜಕರ್ಣಕ್ಕೆ ಮುಖ್ಯ ಕಾರಣ ಇದೇ. ಟರ್ಬಿನಾಫಿನ್ ತಡೆಯಬೇಕಾದ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವೇ ಇದರ ಅನೇಕ ತಳಿಗಳಲ್ಲಿ ಬದಲಾಗಿದೆ. ಗುಳಿಗೆ ಅಲ್ಲಿ ನಾಟುವುದಿಲ್ಲ. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇದು ಕಂಡದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿತು. ಎರಡೇ ಪ್ರಕರಣಕ್ಕೆ ಅಲ್ಲಿ ಜಾಗೃತಿಯ ಸೂಚನೆ ಹೊರಟಿತು. ಇಲ್ಲಿ ಅದೇ ರೋಗಕ್ಕೆ ಗುಳಿಗೆಯ ಪ್ರಮಾಣ ದುಪ್ಪಟ್ಟಾಗುತ್ತದೆ, ಅಷ್ಟೆ. ಅಗಾರ್ ಮೇಲೆ ಬೆಳೆಸಿದರೂ ಇದನ್ನು ಹತ್ತಿರದ ಪ್ರಭೇದಗಳಿಂದ ಬೇರ್ಪಡಿಸಲಾಗದು, ಡಿಎನ್‌ಎ ನೋಡಲೇಬೇಕು. ಹಾಗಾಗಿ ತಾಲ್ಲೂಕು, ಜಿಲ್ಲೆ, ದೊಡ್ಡ ಪ್ರಯೋಗಾಲಯ ಹೀಗೆ ಮೂರು ಹಂತದ ಕೊಂಡಿ ಬೇಕು.

ಹಿರೇಕೆರೂರಿನ ರೋಗಿ ಹುಬ್ಬಳ್ಳಿಗೆ ಅಲೆಯಲಾರ ಎಂಬ ಆಕ್ಷೇಪ ನಿಜವಾದದ್ದೇ. ಆದರೆ ರೋಗಿ ಹೋಗಬೇಕಾಗಿಯೇ ಇಲ್ಲ. ಕೆರೆದ ಹೊಟ್ಟನ್ನು ಕಪ್ಪು ಕಾಗದದಲ್ಲಿ ಒಣಗಿದಂತೆಯೇ ಮಡಚಿಟ್ಟರೆ ಶಿಲೀಂಧ್ರ ಸಾಯುವುದಿಲ್ಲ, ಐಸ್ ಬೇಡ, ಅಂಚೆಯಲ್ಲೂ ಕಳಿಸಬಹುದು. ಹಾವೇರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕಿಮ್ಸ್ ಎಂದೇ ಹೆಸರಾದ ಹುಬ್ಬಳ್ಳಿಯ ಕಾಲೇಜು ಹಳೆಯದು. ಸೂಕ್ಷ್ಮಜೀವಿ ವಿಭಾಗಗಳಿಗೆ ಈ ಪೊಟ್ಟಣಗಳು ತಲುಪಿದರೆ ಜಿಲ್ಲೆಯಲ್ಲಿ ಯಾವ ಶಿಲೀಂಧ್ರ ಎಷ್ಟಿದೆ ಎಂಬ ಲೆಕ್ಕವೂ ಮೊದಲ ಬಾರಿಗೆ ಕೈಗೆ ಬರುತ್ತದೆ.

ಅಂಗಡಿಗಳ ಮಾತೂ ಬಿಡುವಂತಿಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣ ಔಷಧಿಗಳನ್ನು ನಿಷೇಧಿಸಿತು. ಆದರೂ ತುರಿಕೆ ಎಂದರೆ ಸಾಕು, ಟ್ಯೂಬ್ ಕೈಗೆ ಬರುವ ರೂಢಿ ದೇಶದ ತುಂಬ ಉಳಿದಿದೆ. ಕಾನೂನು ಇರುವಾಗ ತಪಾಸಣೆ ನಡೆಯದಿರುವುದಕ್ಕೆ ಔಷಧ ನಿಯಂತ್ರಣ ಇಲಾಖೆ ಉತ್ತರಿಸಬೇಕು.

ಮಳೆ ಹಿಡಿದು ಹಾನಗಲ್ಲಿನ ಗದ್ದೆಗಳಲ್ಲಿ ನಾಟಿ ಶುರುವಾದರೆ ಒದ್ದೆ ಬಟ್ಟೆಯಲ್ಲೇ ದಿನ ಕಳೆಯುವವರ ಸಾಲು ಹೊರರೋಗಿ ವಿಭಾಗದಲ್ಲಿ ಬೆಳೆಯುತ್ತದೆ. ಅದಕ್ಕೆ ಮೊದಲೇ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಿಗೆ ದ್ರಾವಣದ ಬಾಟಲಿ, ಅಲಗು, ಕಪ್ಪು ಕಾಗದ ತಲುಪಲಿ. ಈಗಾಗಲೇ ಮುಲಾಮು ಹಚ್ಚಿಕೊಂಡು ಬಂದವರಿಗೆ, ಕೂದಲು ಉಗುರುಗಳಿಗೆ ಹತ್ತಿಸಿಕೊಂಡವರಿಗೆ, ಗುಣವಾಗಿ ಮರಳಿ ಬಂದವರಿಗೆ ಪರೀಕ್ಷೆಯ ಫಲಿತಾಂಶ ಬರೆಯದೆ ಗುಳಿಗೆ ಕೊಡಕೂಡದೆಂದು ಜಿಲ್ಲಾ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಲಿ.