ಮಗುವಿನ ಹಕ್ಕನ್ನು ವಸೂಲು ಮಾಡುವ ಉದ್ಯೋಗ

ಅಮೇರಿಕದ ಪ್ರತಿಯೊಂದು ರಾಜ್ಯದಲ್ಲಿಯೂ ಮಕ್ಕಳ ಜೀವನಾಂಶವನ್ನು ವಸೂಲು ಮಾಡಿಕೊಡುವುದಕ್ಕೆಂದೇ ಸರಕಾರಿ ವಿಭಾಗವೊಂದಿದೆ. ಕಣ್ಮರೆಯಾದ ತಂದೆಯನ್ನು ಪತ್ತೆಹಚ್ಚುವುದು, ಅಗತ್ಯವಿದ್ದಲ್ಲಿ ಪಿತೃತ್ವವನ್ನು ಖಚಿತಪಡಿಸುವುದು, ಆದೇಶವನ್ನು ದೊರಕಿಸುವುದು, ಆ ಬಳಿಕ ತಿಂಗಳು ತಿಂಗಳೂ ಹಣವು ಮಗುವಿರುವ ಮನೆಯನ್ನು ತಲುಪುವಂತೆ ನೋಡಿಕೊಳ್ಳುವುದು ಅಲ್ಲಿನ ಅಧಿಕಾರಿಯ ಕೆಲಸ. 1975ರ ಜನವರಿಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನಿನಿಂದ ಈ ವ್ಯವಸ್ಥೆ ಹುಟ್ಟಿತು. 1996ರ ಕಾನೂನು ಅದಕ್ಕೆ ಬಲ ತುಂಬಿತು. ಯಾವುದೇ ಸಂಸ್ಥೆ ಹೊಸಬನೊಬ್ಬನನ್ನು ಕೆಲಸಕ್ಕೆ ತೆಗೆದುಕೊಂಡರೆ 20 ದಿನಗಳೊಳಗೆ ಸರಕಾರಕ್ಕೆ ತಿಳಿಸಬೇಕು. ಸಂಬಳವು ಅವನ ಕೈಸೇರುವ ಮುನ್ನವೇ ಮಗುವಿನ ಪಾಲು ಕಡಿತವಾಗುತ್ತದೆ. ಬಾಕಿಯು 2,500 ಡಾಲರ್ ಮೀರಿದರೆ ಪಾಸ್‌ಪೋರ್ಟ್ ಸಿಗದು. ವಾಹನ ಚಾಲನೆಯ ಪರವಾನಗಿಯೂ ಅಮಾನತಾಗಬಹುದು.

ಫಿಕ್‌ಹ್ ಗ್ರಂಥಗಳಲ್ಲಿ ನಫಖಃದ ಅಧ್ಯಾಯವನ್ನು ಓದಿದವರಿಗೆ ಈ ಉದ್ಯೋಗ ಅಪರಿಚಿತವೆನಿಸದು. ತಾಯಿ ಮತ್ತು ಮಗುವಿನ ಅನ್ನ ವಸ್ತ್ರಗಳ ಹೊಣೆಯನ್ನು ಅಲ್‌ಬಖರಃ ಅಧ್ಯಾಯದ 233ನೆಯ ವಚನವು ತಂದೆಯ ಮೇಲೆ ಹೊರಿಸಿದೆ. ಪತಿ ಅಬೂಸುಫ್ಯಾನ್ ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲವೆಂದು ಹಿಂದ್ ಬಿಂತ್ ಉತ್ಬಾ ದೂರಿತ್ತಾಗ, ಪ್ರವಾದಿವರ್ಯರು(ಸ) ಆಕೆಗೆ ಸಹನೆಯ ಉಪದೇಶವನ್ನಷ್ಟೇ ನೀಡಿ ಕಳುಹಿಸಲಿಲ್ಲ. ನ್ಯಾಯೋಚಿತವಾಗಿ ಸಾಕಾಗುವಷ್ಟನ್ನು ಅವನ ಸೊತ್ತಿನಿಂದ ತೆಗೆದುಕೊಳ್ಳಲು ಅನುಮತಿಯಿತ್ತರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿರುವ ಈ ಹದೀಸ್ ನಮ್ಮ ವೇದಿಕೆಗಳಲ್ಲಿ ಕೇಳಿಬರುವುದು ವಿರಳ. ಪತ್ನಿಯ ಸಹನೆಯ ಬಗ್ಗೆ ಮಾತ್ರ ನಾವು ಗಂಟೆಗಟ್ಟಲೆ ಪ್ರವಚನ ನೀಡುತ್ತೇವೆ.

ಹಿಂದ್‌ರವರ ಪತಿ ಮನೆಯಲ್ಲಿದ್ದರು, ಸೊತ್ತು ಕೈಗೆಟುಕುವಲ್ಲಿತ್ತು. ತಂದೆಯು ಮನೆ ಬಿಟ್ಟು, ಊರು ಬಿಟ್ಟು, ಕೆಲವೊಮ್ಮೆ ಕಡಲು ದಾಟಿ ಹೋಗಿದ್ದರೆ ತೆಗೆದುಕೊಳ್ಳುವುದು ಎಲ್ಲಿಂದ? ನಮ್ಮ ದೇಶದಲ್ಲಿ ಹಕ್ಕು ಇಲ್ಲವೆಂದಲ್ಲ. ವಿಚ್ಛೇದಿತ ಮುಸ್ಲಿಮ್ ಮಹಿಳೆಯ ಬಳಿಯಿರುವ ಮಕ್ಕಳಿಗೂ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನನ್ವಯ ಜೀವನಾಂಶದ ಹಕ್ಕಿದೆಯೆಂದು ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 1997ರಲ್ಲಿಯೇ ಹೇಳಿದೆ. ಆ ಕಲಮು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಮಧ್ಯಂತರ ಜೀವನಾಂಶದ ಅರ್ಜಿಯು ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ಇತ್ಯರ್ಥವಾಗಬೇಕೆಂದೂ ಅದರಲ್ಲಿದೆ. ಇಬ್ಬರೂ ತಮ್ಮ ಆದಾಯ ಮತ್ತು ಆಸ್ತಿಯನ್ನು ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕೆಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಅದೇ ನ್ಯಾಯಾಲಯವು 2020ರಲ್ಲಿ ವಿಧಿಸಿತು.

ಇಷ್ಟೆಲ್ಲ ಇದ್ದೂ ಇಲ್ಲದಿರುವುದು ಆ ಅಧಿಕಾರಿ. ಆದೇಶದ ಪ್ರತಿಯನ್ನು ಹಿಡಿದು ಬಾಕಿ ವಸೂಲಿಗಾಗಿ ಮತ್ತೆ ಅರ್ಜಿ ಹಾಕಬೇಕಾದವಳು ತಾಯಿಯೇ. ಅದನ್ನೂ ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕು. ವಾರಂಟು ಹೊರಟರೆ ವಿಳಾಸ ತೋರಿಸಬೇಕಾದವಳೂ ಹೆಚ್ಚಾಗಿ ಅವಳೇ. ಅವನು ಎಲ್ಲಿ ದುಡಿಯುತ್ತಾನೆ, ಎಷ್ಟು ಸಂಪಾದಿಸುತ್ತಾನೆ ಎಂಬುದನ್ನು ತಿಳಿದುಕೊಳ್ಳಲು, ಮಗುವನ್ನು ಸೊಂಟದಲ್ಲಿಟ್ಟುಕೊಂಡು ವಕೀಲರ ಕಚೇರಿಗೂ ಠಾಣೆಗೂ ಅಲೆಯುವ ಅವಳಿಗೆ ಯಾವ ಸಾಧನವಿದೆ?

ಇಲ್ಲಿ ಫಿಕ್‌ಹ್‌ನ ಸೂಕ್ಷ್ಮವೊಂದನ್ನು ಹೇಳಲೇಬೇಕು. ಶಾಫಿಈ ಮತ್ತು ಹನಫೀ ವಿದ್ವಾಂಸರ ಸಾಮಾನ್ಯ ಅಭಿಪ್ರಾಯದಂತೆ, ಕೊಡದೆ ಕಳೆದುಹೋದ ದಿನಗಳ ಮಗುವಿನ ನಫಖಃವು ನ್ಯಾಯಾಧೀಶರ ಹಸ್ತಕ್ಷೇಪವಿಲ್ಲದೆ ತಂದೆಯ ಮೇಲೆ ಸಾಲವಾಗಿ ಉಳಿಯುವುದಿಲ್ಲ. ಕೆಲವರು ಇದನ್ನು ಹೊಣೆಗೇಡಿ ತಂದೆಗೆ ದೊರೆತ ರಿಯಾಯಿತಿಯಂತೆ ಉದ್ಧರಿಸುತ್ತಾರೆ. ನನಗಂತೂ ಇದು ತದ್ವಿರುದ್ಧವಾಗಿ ಕಾಣುತ್ತದೆ. ಮಗುವಿನ ಹಸಿವು ಇಂದಿನದು. ಆದ್ದರಿಂದ ಅಧಿಕಾರವುಳ್ಳವರು ಇಂದೇ ಮಧ್ಯಪ್ರವೇಶಿಸಬೇಕು. ವಿಳಂಬ ಮಾಡುವ ನ್ಯಾಯವ್ಯವಸ್ಥೆಯೂ ಕಣ್ಮುಚ್ಚಿ ಕುಳಿತ ಜಮಾಅತ್ ಕೂಡ ಮಗುವಿನ ಹಕ್ಕನ್ನು ಕರಗಿಸುತ್ತಿವೆ.

ಅಮೇರಿಕದ ವ್ಯವಸ್ಥೆಯನ್ನು ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುವುದಿಲ್ಲ. ಸರಕಾರಿ ನೆರವು ಪಡೆಯುವ ಕುಟುಂಬಗಳ ಹೆಸರಿನಲ್ಲಿ ವಸೂಲಾದ ಹಣವನ್ನು ಅಲ್ಲಿನ ಎಷ್ಟೋ ರಾಜ್ಯಗಳು ಮಗುವಿಗೆ ಕೊಡದೆ ತಮ್ಮ ಖರ್ಚಿಗೆ ಜಮೆ ಮಾಡಿಕೊಳ್ಳುತ್ತವೆ. ಕೊಡಲು ಏನೂ ಇಲ್ಲದ ಬಡವರೂ ಸೆರೆಮನೆ ಸೇರಿದ್ದಾರೆ. ಕೊಡುವ ಸಾಮರ್ಥ್ಯವಿದೆಯೇ ಎಂದು ವಿಚಾರಿಸದೆ ಹಾಗೆ ಸೆರೆಗೆ ಹಾಕುವುದು ಸರಿಯಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಟರ್ನರ್ ಪ್ರಕರಣದಲ್ಲಿ ಹೇಳಬೇಕಾಯಿತು. ಅನುಕೂಲವಂತನು ತನ್ನ ಅನುಕೂಲಕ್ಕೆ ತಕ್ಕಂತೆ, ಇಕ್ಕಟ್ಟಿನಲ್ಲಿರುವವನು ತನಗೆ ದೊರೆತುದಕ್ಕೆ ತಕ್ಕಂತೆ ಖರ್ಚು ಮಾಡಬೇಕೆಂಬುದು ಅತ್ತಲಾಕ್ ಅಧ್ಯಾಯದ 7ನೆಯ ವಚನದ ಆಶಯ. ಕೊಡಲಾಗದವನನ್ನೂ ಕೊಡಲೊಲ್ಲದವನನ್ನೂ ಬೇರ್ಪಡಿಸಿ ನೋಡಬಲ್ಲವನೇ ಈ ಹುದ್ದೆಗೆ ಅರ್ಹ. ಅದಕ್ಕೆ ಲೆಕ್ಕಪತ್ರದ ಜ್ಞಾನವೂ ಬೇಕು, ಅಲ್ಲಾಹನ ಭಯವೂ ಬೇಕು.

ಮಲೇಶ್ಯಾದಲ್ಲಿ ಶರೀಅತ್ ನ್ಯಾಯಾಂಗ ಇಲಾಖೆಯ ಅಧೀನದಲ್ಲಿಯೇ ಕುಟುಂಬ ನೆರವಿನ ವಿಭಾಗವೊಂದಿದ್ದು, ಜೀವನಾಂಶದ ಆದೇಶಗಳನ್ನು ಜಾರಿಗೊಳಿಸುವ ಜೊತೆಗೆ ಹಣ ಬರುವವರೆಗೆ ತಾಯಂದಿರಿಗೆ ಮುಂಗಡ ನೆರವನ್ನೂ ನೀಡುತ್ತದೆ. ಕರ್ನಾಟಕದ ಕೌಟುಂಬಿಕ ನ್ಯಾಯಾಲಯಗಳಿಗೆ ಅಂತಹ ಜಾರಿ ಅಧಿಕಾರಿಗಳನ್ನು ಕೊಡಿರೆಂದು ಕೇಳಲು ನಮ್ಮ ಸಂಘಟನೆಗಳಿಗೆ ಯಾವ ಸಂಕೋಚವೂ ಬೇಕಾಗಿಲ್ಲ. ಬೇಡಿಕೆಯು ಎಲ್ಲ ಧರ್ಮಗಳ ಮಕ್ಕಳ ಪರವಾಗಿರಲಿ. ಮನೆಯ ಗುಟ್ಟು ಕಚೇರಿಗೆ ಹೋಗಬಾರದೆನ್ನುವ ಹಿರಿಯರಿದ್ದಾರೆ; ಮಗುವಿನ ಶಾಲಾ ಶುಲ್ಕಕ್ಕಾಗಿ ತಾಯಿಯು ಝಕಾತ್‌ನ ಸಾಲಿನಲ್ಲಿ ನಿಂತಾಗಲೇ ಆ ಗುಟ್ಟು ಊರಿಗೆಲ್ಲ ತಿಳಿದಿರುತ್ತದೆ. ಸಂಪಾದಿಸುವ ತಂದೆಯೊಬ್ಬನ ಮಗುವನ್ನು ಝಕಾತ್‌ನಿಂದ ಸಾಕುವುದೆಂದರೆ ನಿಜವಾದ ಬಡವನ ಪಾಲನ್ನು ಆ ತಂದೆಗೆ ಉಡುಗೊರೆ ಕೊಟ್ಟಂತೆಯೇ ಸರಿ.

ಸರಕಾರವು ಹುದ್ದೆಯನ್ನು ಸೃಷ್ಟಿಸುವವರೆಗೂ ಜಮಾಅತ್‌ಗಳು ಮಾಡಬಹುದಾದುದೊಂದಿದೆ. ವಿಚ್ಛೇದಿತನೊಬ್ಬನು ಎರಡನೆಯ ನಿಕಾಹ್‌ಗೆ ಒಪ್ಪಿಗೆ ಪತ್ರ ಕೇಳಿ ಬಂದಾಗ ಆಡಳಿತ ಸಮಿತಿಯು ವಂತಿಗೆ ಬಾಕಿಯನ್ನು ಪರಿಶೀಲಿಸುವುದು ವಾಡಿಕೆ. ಅದರ ಜೊತೆಗೆ, ಮೊದಲ ಮದುವೆಯ ಮಕ್ಕಳಿಗೆ ಕಳೆದ ತಿಂಗಳು ಹಣ ಕಳುಹಿಸಿದ ರಶೀದಿಯನ್ನೂ ಕೇಳಲಿ.