ಬಿದಿರಿನ ಅಂಗಿ ಅಂದ್ರೆ ಏನು? ಒಬ್ಬ ಹತ್ತಿ ರೈತನ ತಕರಾರು

ಮೊನ್ನೆ ಮದುವಿ ಜವಳಿಗೆ ಹುಬ್ಬಳ್ಳಿಗೆ ಹೋಗಿದ್ದೆ. ಅಂಗಡಿ ಹುಡುಗ ಒಂದು ಮೆತ್ತನ ಅಂಗಿ ಕೈಗೆ ಕೊಟ್ಟು, "ಇದು ಬಿದಿರಿಂದು ಕಾಕಾ, ಗಿಡದಿಂದ ಮಾಡಿದ್ದು. ಹತ್ತಿ ಭಾಳ ನೀರು ಕುಡೀತದ, ಭೂಮಿ ಕೆಡಿಸ್ತದ" ಅಂದ. ಹತ್ತಿ ಬೆಳೆಯೋನ ಮುಂದ! "ಹತ್ತಿ ಏನು ಕಲ್ಲಿನ ಮ್ಯಾಲೆ ಬೆಳೀತದೇನಪಾ?" ಅಂದೆ. ಒಳಗಿನ ಚೀಟಿ ನೋಡಿದರೆ ವಿಸ್ಕೋಸ್ 70, ಹತ್ತಿ 30.

ನೋಡ್ರಿ, ಬಿದಿರಿನ ನಾರನ್ನೇ ತೆಗೆದು ನೇಯ್ದ ಬಟ್ಟೆ ಪ್ಯಾಟ್ಯಾಗ ಅಪರೂಪ. ಬಿದಿರಿನ ಹೆಸರಲ್ಲಿ ಮಾರೋದು ಹೆಚ್ಚಾಗಿ ವಿಸ್ಕೋಸ್, ಅಂದ್ರೆ ರೇಯಾನ್. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ, ಆಮ್ಲದ ತೊಟ್ಟಿಯೊಳಗ ಶಾವಿಗಿ ಒತ್ತಿದಂಗ ಎಳಿ ತೆಗೀತಾರ. ಆ ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ನರಗಳಿಗೆ ವಿಷ. ಕರಗಿದ ಮ್ಯಾಲೆ ಬಿದಿರೂ ಒಂದೇ, ನೀಲಗಿರಿನೂ ಒಂದೇ. ರೇಯಾನನ್ನು ಬಿದಿರು ಅಂತ ಮಾರಿದ್ದಕ್ಕೆ ಅಮೆರಿಕದ ಎರಡು ದೊಡ್ಡ ಮಾರಾಟ ಕಂಪನಿಗಳು 2022ರಲ್ಲಿ ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಬೇಕಾಯ್ತು.

ನೀಲಗಿರಿ ಅಂದಕೂಡ್ಲೆ ನಮ್ಮ ಕಡೆಯವರಿಗೆ ಹಳೇದು ನೆನಪಾಗಬೇಕು. 1980ರ ದಶಕದಲ್ಲಿ ರೇಯಾನ್ ತಿರುಳಿನ ಸಲುವಾಗಿ ಊರ ದನ ಮೇಯೋ ಜಾಗದಾಗ ನೀಲಗಿರಿ ಹಚ್ಚಿದರು. 1987ರ ನವೆಂಬರ್ 14ಕ್ಕೆ ಹಾನಗಲ್ ತಾಲೂಕಿನ ಕುಸನೂರಲ್ಲಿ ಜನ ಸೇರಿ ಆ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಅದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ಗಿಡದಿಂದ ಬಂತು ಅಂದಮಾತ್ರಕ್ಕೆ ಭೂಮಿಗೆ ಒಳ್ಳೇದು ಅನ್ನೋರಿಗೆ ಕುಸನೂರೇ ಉತ್ತರ.

ನಮ್ಮದೂ ತಪ್ಪೈತಿ, ಮುಚ್ಚಿಡೋದಿಲ್ಲ. 2002ರಲ್ಲಿ ಬಿಟಿ ಬಂದಾಗ ಕಾಯಿಕೊರಕಕ್ಕೆ ಎಣ್ಣಿ ಹೊಡೆಯೋದು ತಪ್ಪಿತು ಅಂದ್ವಿ. ಆಮ್ಯಾಲೆ ರಸ ಹೀರೋ ಹುಳಕ್ಕೆ, ಗುಲಾಬಿ ಹುಳಕ್ಕೆ ಮತ್ತ ಪಂಪ್ ಬೆನ್ನಿಗೆ ಹಾಕ್ಕೊಂಡ್ವಿ. ಆದ್ರೆ ಎಲ್ಲಾ ಹತ್ತಿನೂ ಒಂದೇ ತಕ್ಕಡಿಗೆ ಹಾಕಬ್ಯಾಡ್ರಿ. ಧಾರವಾಡ ಸೀಮೆಯ ಎರಿ ಹೊಲದ ಜಯಧರ ಹತ್ತಿ ಕಾಲುವಿ ನೀರು ಕೇಳಿದ್ದಲ್ಲ. ಹಿಂಗಾರಿ ಹಸಿ, ಚಳಿಗಾಲದ ಇಬ್ಬನಿ, ಅಷ್ಟರಾಗೇ ಬೆಳೀತು. ಎಳಿ ಗಿಡ್ಡ ಖರೆ, ಖಾದಿಗೆ ಸಾಕು. ಗಿಡ್ಡ ಎಳಿಗೆ ರೇಟಿಲ್ಲ ಅಂದ ಮ್ಯಾಲೆ ನಾವು ಅದನ್ನು ಬಿಟ್ಟಿವಿ.

ಬೆರಕಿ ಬಟ್ಟೆಗೆ ನನ್ನ ವಿರೋಧ ಇಲ್ಲ. ಗೊನಿ ಕಡಿದ ಮ್ಯಾಲೆ ಬಾಳಿ ದಿಂಡು ಸುಮ್ನೆ ಕೊಳೀತದ. ಅದರ ನಾರು ಹೆರೆದು ತೆಗೆದು, ಒರಟು ಅಂತ ಹತ್ತಿ ಕೂಡ ಬೆರೆಸಿ ನೂತರೆ ಬಟ್ಟೆ ಆಗ್ತದ. ನಾವು ಚಟ್ನಿಪುಡಿಗೆ ಬೆಳೆಯೋ ಅಗಸಿ ಜಾತಿ ಗಿಡದ ನಾರೇ ಲಿನನ್. ಇವು ಹೆರೆದು, ನೆನೆಹಾಕಿ ತೆಗೆಯೋ ನಾರು. ಕರಗಿಸಿದ್ದಲ್ಲ.

ಅದಕ್ಕ ಬಟ್ಟೆ ಕೊಳ್ಳೋವಾಗ ಎರಡು ಮಾತು ಕೇಳ್ರಿ. ನಾರು ಹೆರೆದದ್ದೋ ಕರಗಿಸಿದ್ದೋ? ಅದರಾಗ ಬೆಳೆದವನಿಗೆ ಎಷ್ಟು ಮುಟ್ಟಿತು? ಬಿದಿರು ಅಂತ ದೊಡ್ಡಕ್ಷರದಾಗ, ವಿಸ್ಕೋಸ್ ಅಂತ ಇರುವಿ ಸಾಲಿನಂಗ ಬರೆಯೋದು ಮೊದಲು ನಿಲ್ಲಬೇಕು.

ನಾನು ಹತ್ತಿ ಅಂಗಿನೇ ತಗೊಂಡೆ. ವಿಸ್ಕೋಸ್ ಹಸಿ ಆದಾಗ ಬಲ ಕಳಕೊಂತದ, ಹತ್ತಿ ಹಸಿ ಆದಷ್ಟೂ ಗಟ್ಟಿ. ನಮ್ಮನ್ಯಾಗ ಇನ್ನೂ ಕಲ್ಲಿನ ಮ್ಯಾಲೆ ಒಗೀತೀವ್ರಿ.