ಯುದ್ಧದ ಬೆಲೆ, ಸರ್ವಾಧಿಕಾರದ ಬೆಲೆ

ಆತತಾಯಿಯಾದ ಆಳರಸನ ಕೈಯಲ್ಲಿ ಸಿಕ್ಕು ನರಳುವ ಜನರನ್ನು ಬಿಡಿಸುವದಕ್ಕಾಗಿ ಹೊರಗಿನವರು ಯುದ್ಧ ಹೂಡಬಹುದೇ? ಹೂಡಿದರೆ ಆ ಯುದ್ಧದಲ್ಲಿ ಮಡಿಯುವ ನಿರಪರಾಧಿಗಳ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕು? ೨೦೦೩ರಲ್ಲಿ ಅಮೇರಿಕೆ, ಬ್ರಿಟನ್ನುಗಳ ಸೈನ್ಯಗಳು ಇರಾಕವನ್ನು ಹೊಕ್ಕಂದಿನಿಂದ ಈ ಪ್ರಶ್ನೆಯು ಲೋಕದಲ್ಲೆಲ್ಲ ಮತ್ತೆ ಮತ್ತೆ ಚರ್ಚೆಗೆ ಬರುತ್ತಲಿದೆ. ಒಂದು ಪಕ್ಷದವರು ಯುದ್ಧವು ಎಂದೆಂದಿಗೂ ಪಾಪವೇ ಎನ್ನುತ್ತಾರೆ. ಇನ್ನೊಂದು ಪಕ್ಷದವರು ದಾಸ್ಯದ ಬಾಳಿಗಿಂತ ಯುದ್ಧದ ಸಾವೇ ಲೇಸೆನ್ನುತ್ತಾರೆ. ಎರಡೂ ಮಾತುಗಳು ಕೇಳಲಿಕ್ಕೆ ಚೆನ್ನಾಗಿವೆ. ಆದರೆ ಇವನ್ನು ಹೇಳುವವರು ಬಹುಮಟ್ಟಿಗೆ ಆ ದೇಶದ ಹೊರಗಿನವರು. ಬೆಲೆ ತೆರುವವರು ಒಳಗಿನವರು. ಆದ್ದರಿಂದ ಸೂತ್ರಗಳನ್ನು ಬದಿಗಿರಿಸಿ, ನಡೆದ ಸಂಗತಿಗಳನ್ನೇ ತೂಗಿ ನೋಡುವದು ಯೋಗ್ಯವೆಂದು ನಮಗೆ ತೋರುತ್ತದೆ.

ಮೊದಲು ಸರ್ವಾಧಿಕಾರದ ಬೆಲೆಯನ್ನು ನೋಡೋಣ. ಸದ್ದಾಮ ಹುಸೇನನು ೧೯೭೯ರ ಜುಲೈ ತಿಂಗಳಲ್ಲಿ ಇರಾಕದ ಅಧ್ಯಕ್ಷನಾದನು. ವಾರದೊಳಗೆ ತನ್ನ ಪಕ್ಷದ ಮುಖಂಡರ ಸಭೆ ಕರೆದು, ತುಂಬಿದ ಸಭೆಯಲ್ಲಿ ದ್ರೋಹಿಗಳೆಂದು ತಾನು ಗುರುತಿಸಿದವರ ಹೆಸರುಗಳನ್ನು ಒಂದೊಂದಾಗಿ ಓದಿಸಿದನು. ಹೆಸರು ಬಂದವರನ್ನು ಅಲ್ಲಿಂದಲೇ ಹಿಡಿದೊಯ್ದರು. ಅವರಲ್ಲಿ ೨೨ ಮಂದಿಗೆ ಮರಣದಂಡನೆಯಾಯಿತು. ಮರುವರ್ಷವೇ ಅವನು ಇರಾಣದ ಮೇಲೆ ದಂಡೆತ್ತಿ ಹೋದನು. ಎಂಟು ವರ್ಷ ನಡೆದ ಆ ಯುದ್ಧದಲ್ಲಿ ಉಭಯ ಪಕ್ಷಗಳ ಲಕ್ಷಾವಧಿ ಜನರು ಸತ್ತರು. ಗಡಿ ಮಾತ್ರ ಇದ್ದಲ್ಲಿಯೇ ಉಳಿಯಿತು. ೧೯೮೮ರಲ್ಲಿ ಅನ್ಫಾಲವೆಂಬ ಹೆಸರಿನ ದಂಡಯಾತ್ರೆಯಲ್ಲಿ ತನ್ನ ಪ್ರಜೆಗಳೇ ಆದ ಕುರ್ದ ಜನರ ಹಳ್ಳಿಗಳನ್ನು ಸಾಲುಸಾಲಾಗಿ ನೆಲಸಮ ಮಾಡಿಸಿದನು. ಸತ್ತವರು ೫೦ ಸಾವಿರದಿಂದ ಒಂದು ಲಕ್ಷವೆಂದು ಒಂದು ಅಂದಾಜು. ಅದಕ್ಕೂ ಬಹಳ ಹೆಚ್ಚೆಂದು ಕುರ್ದರ ಹೇಳಿಕೆ. ಆ ವರ್ಷದ ಮಾರ್ಚ ೧೬ರಂದು ಹಲಬ್ಜಾ ಪಟ್ಟಣದ ಮೇಲೆ ವಿಷವಾಯುವನ್ನು ಸುರಿಸಲು, ಸುಮಾರು ೫ ಸಾವಿರ ಜನರು ಮನೆಯ ಹೊಸ್ತಿಲುಗಳಲ್ಲಿ, ಬೀದಿಗಳಲ್ಲಿ, ಕೂಸುಗಳನ್ನು ಅಪ್ಪಿಕೊಂಡಂತೆಯೇ ಹೆಣವಾದರು. ಹೀಗಿರಲು ಸರ್ವಾಧಿಕಾರವೆಂದರೆ ಯುದ್ಧವಿಲ್ಲದ ಕಾಲವೆಂದು ತಿಳಿಯುವವರು ದೊಡ್ಡ ಭ್ರಾಂತಿಯಲ್ಲಿದ್ದಾರೆ. ಅದು ಅರಸನು ತನ್ನ ಪ್ರಜೆಗಳ ಮೇಲೆಯೇ ಸಾರಿದ ಯುದ್ಧ. ಎದುರಿಗಿದ್ದವರ ಕೈಯಲ್ಲಿ ಆಯುಧವಿಲ್ಲವೆಂಬದಷ್ಟೇ ಭೇದ.

ಇನ್ನು ಯುದ್ಧದ ಬೆಲೆ. ೨೦೦೩ರ ಮಾರ್ಚ ೨೦ರಂದು ತೊಡಗಿದ ದಾಳಿಯು ಮೂರೇ ವಾರಗಳಲ್ಲಿ, ಎಪ್ರಿಲ ೯ರಂದು, ಬಗದಾದವನ್ನು ಹಿಡಿಯಿತು. ಅಂದು ಸದ್ದಾಮನ ಪ್ರತಿಮೆಯು ಉರುಳಿದಾಗ ಹರ್ಷಪಟ್ಟ ಇರಾಕಿಗಳು ಉಂಟು. ಆ ಹರ್ಷವು ಸುಳ್ಳಲ್ಲ. ಆದರೆ ಯುದ್ಧದ ಲೆಕ್ಕವು ಅಂದಿಗೆ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಅಮೇರಿಕೆಯ ಆಡಳಿತಗಾರರಾದ ಪಾಲ್ ಬ್ರೆಮರರು ಎರಡು ಆಜ್ಞೆಗಳನ್ನು ಹೊರಡಿಸಿದರು. ಮೊದಲನೆಯದರಿಂದ ಸದ್ದಾಮನ ಬಾಥ ಪಕ್ಷದ ಮೇಲಿನ ದರ್ಜೆಯ ಸದಸ್ಯರು ಸರಕಾರಿ ಕೆಲಸಗಳಿಂದ ಹೊರಬಿದ್ದರು. ಹೊಟ್ಟೆಪಾಡಿಗಾಗಿ ಪಕ್ಷವನ್ನು ಸೇರಿದ್ದ ಶಾಲಾಮಾಸ್ತರರು ಅವರಲ್ಲಿ ಸಾವಿರಾರು. ಎರಡನೆಯದರಿಂದ ಸೈನ್ಯವೇ ವಿಸರ್ಜಿತವಾಗಿ, ಲಕ್ಷಗಟ್ಟಲೆ ಸಿಪಾಯಿಗಳು ಒಮ್ಮೆಲೇ ನಿರುದ್ಯೋಗಿಗಳಾದರು. ಬಂದೂಕು ಹಿಡಿಯುವದೊಂದೇ ಅವರಿಗೆ ಬಲ್ಲ ವಿದ್ಯೆ. ೨೦೦೬ರ ಫೆಬ್ರುವರಿಯಲ್ಲಿ ಸಮಾರಾದಲ್ಲಿರುವ ಶಿಯಾ ಪಂಥದವರ ಪುಣ್ಯಸ್ಥಾನವನ್ನು ಸಿಡಿಮದ್ದಿನಿಂದ ಒಡೆದ ಮೇಲೆ ಪಂಥಪಂಥಗಳ ನಡುವಿನ ಕೊಲೆಗೆ ಕಟ್ಟೆಯೇ ಇಲ್ಲದಾಯಿತು. ೨೦೦೩ರಿಂದ ೨೦೧೧ರ ವರೆಗೆ ಹಿಂಸೆಯಿಂದ ಸತ್ತ ಸಾಮಾನ್ಯ ನಾಗರಿಕರ ಸಂಖ್ಯೆಯು, ವರದಿಯಾದ ಸಾವುಗಳನ್ನಷ್ಟೇ ಎಣಿಸಿದರೂ, ಒಂದು ಲಕ್ಷವನ್ನು ಮೀರುತ್ತದೆ. ಮನೆಮಾರು ಬಿಟ್ಟು ಓಡಿದವರು ಹತ್ತಾರು ಲಕ್ಷ. ೨೦೧೪ರಲ್ಲಿ ಮೋಸುಲ ಪಟ್ಟಣವು ಐಸಿಸ್ ಎಂಬ ಮತಾಂಧರ ವಶವಾಗಿ, ಯಜೀದಿ ಜನರು ಕೊಲೆಗೂ ದಾಸ್ಯಕ್ಕೂ ಈಡಾದದ್ದು ಇದೇ ಬೆಂಕಿಯ ಮುಂದಿನ ಉರಿ. ದಂಡೆತ್ತಿದವರು ಕಾರಣವಾಗಿ ಮುಂದೊಡ್ಡಿದ ಸರ್ವನಾಶಕ ಆಯುಧಗಳು ಮಾತ್ರ ಎಲ್ಲಿಯೂ ಸಿಕ್ಕಲಿಲ್ಲ.

ಹಾಗಾದರೆ ಈ ಎರಡನ್ನು ತೂಗುವ ಬಗೆ ಹೇಗೆ? ಸದ್ದಾಮನು ಕೊಂದವರನ್ನೆಲ್ಲ ಒಂದು ತಟ್ಟೆಯಲ್ಲಿಯೂ ಯುದ್ಧದಲ್ಲಿ ಸತ್ತವರನ್ನೆಲ್ಲ ಇನ್ನೊಂದರಲ್ಲಿಯೂ ಇಟ್ಟು, ಯಾವದು ಕೆಳಗಿಳಿಯುವದೆಂದು ಕೆಲವರು ನೋಡುತ್ತಾರೆ. ಇದು ತಪ್ಪು ತೂಕವೆಂದು ನಮ್ಮ ಅಭಿಪ್ರಾಯ. ೧೯೮೮ರಲ್ಲಿ ಸತ್ತ ಹಲಬ್ಜಾದ ಕೂಸು ೨೦೦೩ರ ಯುದ್ಧದಿಂದ ಬದುಕಿ ಬರಲಾರದು. ಯುದ್ಧವು ಉಳಿಸಬಲ್ಲದ್ದು ಮುಂದೆ ಸಾಯಲಿದ್ದವರನ್ನೇ ಹೊರತು ಹಿಂದೆ ಸತ್ತವರನ್ನಲ್ಲ. ಆದ್ದರಿಂದ ಅರಸನು ಈವರೆಗೆ ಎಷ್ಟು ಜನರನ್ನು ಕೊಂದಿದ್ದಾನೆಂದು ಕೇಳಿದರೆ ಸಾಲದು. ಈಗ ಕೊಲ್ಲುತ್ತಿದ್ದಾನೆಯೇ, ಆ ಕೈಯನ್ನು ಹಿಡಿಯಲಿಕ್ಕೆ ಬೇರೆ ಉಪಾಯವಿಲ್ಲವೇ ಎಂದು ಕೇಳಬೇಕು. ನಡೆಯುತ್ತಿರುವ ಕೊಲೆಯನ್ನು ತಡೆಯುವ ಯುದ್ಧವೇ ಬೇರೆ. ನಡೆದುಹೋದ ಕೊಲೆಯ ನೆವದಿಂದ ಹೂಡುವ ಯುದ್ಧವೇ ಬೇರೆ.

ಈ ಅಳತೆಯಿಂದ ನೋಡಿದರೆ ಇರಾಕದ ವಿಷಯದಲ್ಲಿ ಲೋಕದ ನಡತೆಯು ತಲೆಕೆಳಗಾದದ್ದು. ಹಲಬ್ಜಾದ ವರ್ಷದಲ್ಲಿ ಅಮೇರಿಕೆಯು ಇರಾಣದ ಮೇಲಿನ ಹಗೆಯಿಂದ ಸದ್ದಾಮನ ಕಡೆಗೇ ವಾಲಿತ್ತು. ಅವನನ್ನು ತಡೆಯಲಿಕ್ಕೆ ಯಾರೂ ಮುಂದೆ ಬರಲಿಲ್ಲ. ೧೯೯೧ರ ಫೆಬ್ರುವರಿಯಲ್ಲಿ, ಕುವೈತದ ಯುದ್ಧ ನಡೆದಿರುವಾಗ, ಅಧ್ಯಕ್ಷರಾದ ಹಿರಿಯ ಬುಶ್ ಅವರು ಇರಾಕದ ಜನರು ತಾವೇ ಎದ್ದು ಸದ್ದಾಮನನ್ನು ತೊಲಗಿಸಬೇಕೆಂದು ಕರೆಕೊಟ್ಟರು. ಮಾರ್ಚದಲ್ಲಿ ದಕ್ಷಿಣದ ಶಿಯಾಗಳೂ ಉತ್ತರದ ಕುರ್ದರೂ ಎದ್ದರು. ಸದ್ದಾಮನ ಹೆಲಿಕಾಪ್ಟರುಗಳು ಅವರನ್ನು ಬೇಟೆಯಾಡುತ್ತಿರುವಾಗ ಅಮೇರಿಕೆಯ ಸೈನ್ಯವು ದಕ್ಷಿಣ ಇರಾಕದಲ್ಲಿಯೇ ಇದ್ದೂ ಸುಮ್ಮನೆ ನಿಂತಿತು. ಹತ್ತಾರು ಸಾವಿರ ಜನರು ಸತ್ತರು. ಲಕ್ಷಾಂತರ ಕುರ್ದರು ಚಳಿಯ ಗುಡ್ಡಗಳಿಗೆ ಓಡಿದ ಮೇಲೆ ಲೋಕಕ್ಕೆ ಎಚ್ಚರವಾಯಿತು. ಉತ್ತರ ಇರಾಕದ ಆಕಾಶದಲ್ಲಿ ಸದ್ದಾಮನ ವಿಮಾನಗಳು ಹಾರಕೂಡದೆಂದು ಅಮೇರಿಕೆ, ಬ್ರಿಟನ್, ಫ್ರಾನ್ಸುಗಳು ಕಾವಲು ಹಾಕಿದವು. ಈ ಕಾವಲಿನ ಮರೆಯಲ್ಲಿ ಕುರ್ದರು ಊರಿಗೆ ಮರಳಿ, ೧೯೯೨ರ ಮೇ ತಿಂಗಳಲ್ಲಿ ತಮ್ಮ ಶಾಸನಸಭೆಯನ್ನು ತಾವೇ ಚುನಾಯಿಸಿಕೊಂಡರು. ಮುಂದೆ ಅವರ ಎರಡು ಪಕ್ಷಗಳು ತಮ್ಮಲ್ಲಿಯೇ ಕಾದಾಡಿದ್ದು ನಿಜ. ಆದರೂ ಅನ್ಫಾಲವು ಮರುಕಳಿಸಲಿಲ್ಲ. ಬಗದಾದದ ಮೇಲೆ ದಂಡೆತ್ತದೆಯೂ ಕೊಲ್ಲುವ ಕೈಯನ್ನು ಹಿಡಿಯಬಹುದೆಂಬದಕ್ಕೆ ಇದೊಂದು ನಿದರ್ಶನ. ೨೦೦೩ರಲ್ಲಿಯಾದರೋ ದಬ್ಬಾಳಿಕೆಯು ಇದ್ದೇ ಇತ್ತು. ಆದರೆ ಊರೂರುಗಳನ್ನೇ ಅಳಿಸುವ ಆ ಬಗೆಯ ಸಾಮೂಹಿಕ ಕೊಲೆಯ ಕಾಲವು ಹಿಂದೆ ಬಿದ್ದಿತ್ತು. ಯುದ್ಧವು ಬೇಕಾದಾಗ ಬರಲಿಲ್ಲ, ಬೇಡವಾದಾಗ ಬಂದಿತು.

ಇದಕ್ಕೆ ಪ್ರತಿಯಾಗಿ ಕಾಂಬೋಡಿಯ ದೇಶದ ವೃತ್ತಾಂತವನ್ನು ನೋಡಿರಿ. ೧೯೭೫ರ ಎಪ್ರಿಲ ೧೭ರಂದು ಪೋಲ್ ಪಾಟನ ಖ್ಮೇರ್ ರೂಜ್ ಪಂಗಡವು ರಾಜಧಾನಿಯಾದ ನಾಮ್ ಪೆನ್ ನಗರವನ್ನು ಹಿಡಿದು, ಆಸ್ಪತ್ರೆಯ ರೋಗಿಗಳು ಸಹಿತವಾಗಿ ನಗರದವರನ್ನೆಲ್ಲ ಹಳ್ಳಿಗಾಡಿಗೆ ಅಟ್ಟಿತು. ನಾಣ್ಯ, ಪೇಟೆ, ಶಾಲೆ, ದೇವಾಲಯ ಎಲ್ಲವೂ ನಿಂತುಹೋದವು. ಓದುಬಲ್ಲವನೆಂಬದೇ ಅಪರಾಧವಾಯಿತು, ಶಿಕ್ಷಕರ ಒಂದು ಪೀಳಿಗೆಯೇ ಅಳಿಯಿತು. ರಾಜಧಾನಿಯ ಒಂದು ಪ್ರೌಢಶಾಲೆಯನ್ನೇ ತುವೋಲ್ ಸ್ಲೆಂಗ್ ಎಂಬ ಸೆರೆಮನೆಯನ್ನಾಗಿ ಮಾಡಿ, ಪಾಠದ ಕೋಣೆಗಳಲ್ಲಿ ಇಟ್ಟಿಗೆಯ ಗೂಡುಗಳನ್ನು ಕಟ್ಟಿದರು. ಒಳಹೊಕ್ಕ ಸಾವಿರಾರು ಜನರಲ್ಲಿ ಬದುಕಿ ಬಂದವರು ಕೆಲವರೇ. ನಾಲ್ಕು ವರ್ಷ ತುಂಬುವದರೊಳಗೆ, ಸುಮಾರು ೮೦ ಲಕ್ಷ ಪ್ರಜೆಗಳಲ್ಲಿ ೧೫ರಿಂದ ೨೦ ಲಕ್ಷ ಜನರು ಹಸಿವು, ರೋಗ, ದುಡಿತ, ಕೊಲೆಗಳಿಗೆ ತುತ್ತಾದರು. ೧೯೭೮ರ ಡಿಸೆಂಬರ ೨೫ರಂದು ವಿಯೆಟ್ನಾಮದ ಸೈನ್ಯವು ಗಡಿ ದಾಟಿತು. ೧೯೭೯ರ ಜನೇವರಿ ೭ರಂದು ರಾಜಧಾನಿಯು ಬಿದ್ದಿತು. ಆ ಕೊಲೆಯ ಯಂತ್ರವು ನಿಂತಿತು. ವಿಯೆಟ್ನಾಮವು ಪರೋಪಕಾರಕ್ಕಾಗಿಯೇ ಹೊರಟಿತೆಂದು ನಾವು ಹೇಳುವದಿಲ್ಲ. ಖ್ಮೇರ್ ರೂಜ್ ದಂಡುಗಳು ೧೯೭೮ರ ಎಪ್ರಿಲದಲ್ಲಿ ಅದರ ಬಾ ಚುಕ್ ಎಂಬ ಗಡಿಯೂರಿನಲ್ಲಿ ೩ ಸಾವಿರಕ್ಕಿಂತ ಹೆಚ್ಚು ಜನರನ್ನು ಕೊಂದಿದ್ದವು. ಹೊಕ್ಕ ಸೈನ್ಯವು ೧೯೮೯ರ ವರೆಗೂ ಅಲ್ಲಿಯೇ ಉಳಿಯಿತು. ಗಡಿಯ ಕಾಡುಗಳಲ್ಲಿ ಕಾದಾಟವು ನಿಲ್ಲಲಿಲ್ಲ. ಇಷ್ಟಾದರೂ ಆ ಯುದ್ಧವು ಬಾರದೆ ಇದ್ದಿದ್ದರೆ ಇನ್ನೆಷ್ಟು ಲಕ್ಷ ಜನರು ಮಣ್ಣುಗೂಡುತ್ತಿದ್ದರೆಂದು ಯೋಚಿಸಿದರೆ ಎದೆ ನಡುಗುತ್ತದೆ. ಲೋಕವು ಇದಕ್ಕೆ ಕೊಟ್ಟ ಬಹುಮಾನವೇನು? ಚೀನವು ಫೆಬ್ರುವರಿಯಲ್ಲಿ ವಿಯೆಟ್ನಾಮದ ಮೇಲೆ ಏರಿ ಹೋಯಿತು. ವಿಶ್ವಸಂಸ್ಥೆಯು ಕಾಂಬೋಡಿಯದ ಪೀಠವನ್ನು ಖ್ಮೇರ್ ರೂಜರ ಸರಕಾರಕ್ಕೇ ಉಳಿಸಿತು. ಆ ಪ್ರವಾಹಕ್ಕೆ ಇದಿರಾಗಿ ಭಾರತವು ೧೯೮೦ರಲ್ಲಿ ಹೊಸ ಸರಕಾರವನ್ನು ಮಾನ್ಯಮಾಡಿದ್ದು ಯೋಗ್ಯವೇ ಆಯಿತು.

ಭಾರತಕ್ಕಾದರೂ ಈ ಪ್ರಶ್ನೆಯು ಬರಿಯ ಚರ್ಚೆಯ ವಿಷಯವಾಗಿ ಉಳಿದಿರಲಿಲ್ಲ. ೧೯೭೧ರ ಮಾರ್ಚ ೨೫ರ ರಾತ್ರಿ ಯಾಹ್ಯಾಖಾನನ ಸೈನ್ಯವು ಢಾಕಾದಲ್ಲಿ ಕೊಲೆಗೆ ತೊಡಗಲು, ಮುಂದಿನ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ಗಡಿಯೊಳಗೆ ಬಂದರು. ಡಿಸೆಂಬರ ೩ರಿಂದ ೧೬ರ ವರೆಗೆ ಯುದ್ಧವಾಯಿತು. ೧೯೭೨ರ ಮಾರ್ಚದೊಳಗೆ ನಮ್ಮ ಸೈನ್ಯವು ಆ ನೆಲವನ್ನು ಬಿಟ್ಟು ಬಂದಿತು. ಅದರಲ್ಲಿ ನಮ್ಮ ಹಿತವೂ ಇತ್ತೆಂದು ಟೀಕಾಕಾರರು ಹೇಳಿದರೆ ಹೇಳಲಿ. ಕೊಲೆಯು ನಡೆಯುತ್ತಿರುವಾಗ ಹೋಗಿ, ಅದು ನಿಂತ ಮೇಲೆ ಮರಳಿದ ಸೈನ್ಯಕ್ಕೂ ಬೇರೊಂದು ದೇಶದ ಕಚೇರಿಗಳಲ್ಲಿ ಕುಳಿತು ಆಜ್ಞೆ ಹೊರಡಿಸಿದ ಸೈನ್ಯಕ್ಕೂ ಅಂತರವಿದೆ.

ಇಲ್ಲಿ ಒಂದು ಆಕ್ಷೇಪವು ಬರುವದು. ಹಾಗಾದರೆ ಮೆಲ್ಲಮೆಲ್ಲನೆ ಹಿಂಡುವ ಸರ್ವಾಧಿಕಾರದ ಕೆಳಗಿರುವವರು ಸಾಮೂಹಿಕ ಕೊಲೆಯಾಗುವ ವರೆಗೆ ಕಾಯಬೇಕೇ? ಈ ಪ್ರಶ್ನೆಯಲ್ಲಿ ನೋವಿದೆ. ಅದನ್ನು ನಾವು ಹಗುರಾಗಿ ಎಣಿಸುವದಿಲ್ಲ. ಆದರೆ ಬಿಡುಗಡೆಗಾಗಿ ಪ್ರಾಣವನ್ನು ಪಣವಾಗಿ ಒಡ್ಡುವ ಹಕ್ಕು ಅದನ್ನು ಕಳಕೊಳ್ಳುವವನದು. ಇನ್ನೊಬ್ಬರ ಮಕ್ಕಳ ಪ್ರಾಣವನ್ನು ಒಡ್ಡುವ ಹಕ್ಕು ದೂರದ ರಾಜಧಾನಿಯ ಮುತ್ಸದ್ದಿಗಿಲ್ಲ. ಫಿಲಿಪ್ಪೀನ ದೇಶದ ಜನರು ೧೯೮೬ರ ಫೆಬ್ರುವರಿಯಲ್ಲಿ ನಾಲ್ಕು ದಿನ ಮನಿಲೆಯ ರಾಜಮಾರ್ಗದಲ್ಲಿ ನಿಂತು ಮಾರ್ಕೋಸನನ್ನು ಓಡಿಸಿದರು. ಎಲ್ಲೆಡೆಯೂ ಹೀಗಾಗುವದಿಲ್ಲವೆಂಬದನ್ನು ೨೦೧೧ರಲ್ಲಿ ಎದ್ದ ಸಿರಿಯದ ಜನರ ಪಾಡು ತೋರಿಸಿತು. ಆದರೂ ಹೊರಗಿನವರಿಗೆ ಯುದ್ಧವೊಂದೇ ಸಾಧನವಲ್ಲ. ಆತತಾಯಿಗೆ ಆಯುಧಗಳನ್ನು ಮಾರದಿರುವದು, ಓಡಿ ಬಂದವರಿಗೆ ನೆರಳು ಕೊಡುವದು, ೧೯೮೮ರಲ್ಲಿ ಮಾಡಿದಂತೆ ಸ್ನೇಹದ ಮರೆಯಲ್ಲಿ ಕಣ್ಣು ಮುಚ್ಚದಿರುವದು, ಇವೆಲ್ಲ ಅವರ ಕೈಯಲ್ಲಿಯೇ ಇವೆ. ಇವನ್ನು ಮಾಡದವರು ಮುಂದೊಂದು ದಿನ ಬಿಡುಗಡೆಯ ಹೆಸರಿನಲ್ಲಿ ದಂಡೆತ್ತಿದರೆ ಅವರ ಮಾತನ್ನು ನಂಬುವದು ಹೇಗೆ?

ಇನ್ನೊಂದು ಮಾತು. ಕೊಲೆಯನ್ನು ತಡೆದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ೨೦೧೧ರಲ್ಲಿ ಲಿಬಿಯದ ಗದ್ದಾಫಿಯು ಬೆಂಗಾಜಿ ಪಟ್ಟಣದ ಮೇಲೆ ಸಾಗಿ ಬರುತ್ತಿರುವಾಗ, ವಿಶ್ವಸಂಸ್ಥೆಯ ಅನುಮತಿಯಿಂದಲೇ ಪಶ್ಚಿಮದ ವಿಮಾನಗಳು ಅವನ ಸೈನ್ಯವನ್ನು ತಡೆದವು. ಅಕ್ಟೋಬರದಲ್ಲಿ ಅವನು ಸತ್ತನು. ಆ ಮೇಲೆ ಆ ದೇಶದ ಕಡೆಗೆ ಯಾರೂ ಸರಿಯಾಗಿ ತಿರುಗಿ ನೋಡಲಿಲ್ಲ. ೨೦೧೪ರೊಳಗೆ ಅಲ್ಲಿ ಎರಡು ಸರಕಾರಗಳು ಒಂದಕ್ಕೊಂದು ಇದಿರಾಗಿ ನಿಂತವು. ಅರಸನನ್ನು ಕೆಡವಲಿಕ್ಕೆ ವಾರಗಳು ಸಾಕು, ತಿಂಗಳುಗಳು ಸಾಕು. ಪೋಲೀಸು, ನ್ಯಾಯಾಲಯ, ಶಾಲೆ, ನೀರಿನ ನಳ ಇವನ್ನು ನಿಲ್ಲಿಸಲಿಕ್ಕೆ ಒಂದು ತಲೆಮಾರು ಬೇಕು. ಆ ತಲೆಮಾರಿನ ಬೆಲೆಯನ್ನು ಲೆಕ್ಕಕ್ಕೆ ತಕ್ಕೊಳ್ಳದವನು ಯುದ್ಧದ ಅರ್ಧ ಬೆಲೆಯನ್ನೇ ಹೇಳುತ್ತಾನೆ.

ಇಂಥ ಯುದ್ಧದ ಕೂಗು ಇನ್ನೊಮ್ಮೆ ಎಲ್ಲಿಯಾದರೂ ಎದ್ದಾಗ ನಮ್ಮ ವಾಚಕರು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಬಿನ್ನವಿಸುತ್ತೇವೆ. ಕೊಲೆಯು ಈಗ ನಡೆಯುತ್ತಿದೆಯೇ? ಅದನ್ನು ತಡೆಯುವ ಸಣ್ಣ ಉಪಾಯಗಳೆಲ್ಲ ಮುಗಿದವೇ? ಅರಸನು ಬಿದ್ದ ಮರುದಿನ ಆ ಊರಿನ ಬೀದಿಯನ್ನು ಕಾಯುವವರು ಯಾರು? ಮೂರಕ್ಕೂ ತಕ್ಕ ಉತ್ತರ ಬಂದರೆ, ಯುದ್ಧವು ಘೋರವಾದರೂ ಸುಮ್ಮನಿರುವದು ಅದಕ್ಕಿಂತ ಘೋರವಾದೀತು. ಒಂದಕ್ಕೂ ಉತ್ತರವಿಲ್ಲದಿದ್ದರೆ, ಬಿಡುಗಡೆಯ ಹೆಸರಿನಲ್ಲಿ ಹೊರಟ ಸೈನ್ಯವು ಆ ಜನರ ಪಾಲಿಗೆ ಒಬ್ಬ ಅರಸನ ಬದಲು ನೂರು ಅರಸರನ್ನು ತಂದೊಡ್ಡೀತು. ಹಲಬ್ಜಾದಲ್ಲಿ ಸತ್ತವರಿಗೂ ಬಗದಾದದಲ್ಲಿ ಸತ್ತವರಿಗೂ ನಾವು ಸಲ್ಲಿಸಬಹುದಾದ ಗೌರವವು ಒಂದೇ: ಒಬ್ಬರ ಹೆಣವನ್ನು ತೋರಿಸಿ ಇನ್ನೊಬ್ಬರ ಹೆಣವನ್ನು ಮರೆಸುವ ವಾದಕ್ಕೆ ಕಿವಿಗೊಡದಿರುವದು.